ಮಾರುವ ಮುಂಚೆ ಗಿಟಾರಿನ ಹೊಟ್ಟೆಯೊಳಗೊಮ್ಮೆ ಇಣುಕಿ

ಹಳೇ ಗಿಟಾರ್ ಮಾರಬೇಕು ಅಂದುಕೊಂಡ ಪರಿಚಯದವರು ನನಗೆ ಕಳಿಸುವ ಫೋಟೊ ಬಹುತೇಕ ಒಂದೇ ತರಹದ್ದು. ಗಿಟಾರನ್ನು ಸೋಫಾಗೆ ಒರಗಿಸಿ ಎದುರಿನಿಂದ ಒಂದು ಕ್ಲಿಕ್. ಕೆಳಗೆ ಒಂದು ಸಾಲು: 'ಇದಕ್ಕೆ ಎಷ್ಟು ಬರಬಹುದು?' ಹುಡುಗನ ಪಾಸ್‌ಪೋರ್ಟ್ ಸೈಜ್ ಫೋಟೊ ತೋರಿಸಿ ಸಂಬಳ ಎಷ್ಟಿರಬಹುದು ಅಂತ ಕೇಳಿದ ಹಾಗಿರುತ್ತೆ ಇದು. ಎದುರಿನಿಂದ ನೋಡಿದರೆ ಎಲ್ಲ ಗಿಟಾರೂ ಒಂದೇ. ಐದು ಸಾವಿರದ್ದಕ್ಕೂ ಅದೇ ಸೊಂಟ, ಐದು ಲಕ್ಷದ್ದಕ್ಕೂ ಅದೇ ಸೊಂಟ.

ಹಾಗಾಗಿ ನಾನು ತಿರುಗಿ ಕೇಳೋದು ಒಂದೇ. 'ಮೊಬೈಲ್ ಟಾರ್ಚ್ ಆನ್ ಮಾಡಿ, ನಡುವಿನ ತೂತಿನೊಳಗೆ ಏನು ಬರೆದಿದೆ ಅಂತ ನೋಡಿ ಹೇಳಿ.'

ಹಳೇ ಗಿಟಾರಿನ ವಿಷಯದಲ್ಲಿ ಮನೆಮನೆಯಲ್ಲೂ ಎರಡು ಪಕ್ಷ ಇರುತ್ತವೆ. ಒಂದು 'ಗುಜರಿಗೆ ಹಾಕಿ' ಪಕ್ಷ, ಇನ್ನೊಂದು 'ಇದು ಆ್ಯಂಟಿಕ್, ಲಕ್ಷಗಟ್ಟಲೆ ಬರುತ್ತೆ' ಪಕ್ಷ. ಎರಡೂ ಪಕ್ಷದವರು ಗಿಟಾರನ್ನು ಸರಿಯಾಗಿ ನೋಡಿರೋದಿಲ್ಲ. ನೋಡದೇ ಕಟ್ಟಿದ ಬೆಲೆಯಿಂದ ದುಡ್ಡು ಮಾತ್ರ ಹೋಗೋದಿಲ್ಲ, ಕೆಲವೊಮ್ಮೆ ಅಣ್ಣ ತಂಗಿಯ ಮಾತೂ ನಿಂತುಹೋಗುತ್ತೆ. ಹೋದ ವರ್ಷ ನಮ್ಮ ದೊಡ್ಡಮ್ಮನ ಮನೆಯಲ್ಲಿ ಅದು ಇನ್ನೇನು ಆಗುವುದರಲ್ಲಿತ್ತು.

ಹಡಗಿನಲ್ಲಿ ಬಂದ ಗಿಟಾರ್

ದೊಡ್ಡಪ್ಪ ಮರ್ಚೆಂಟ್ ನೇವಿಯಲ್ಲಿದ್ದರು. ಹಡಗು ಜಪಾನಿಗೆ ಹೋದಾಗ ಕೋಬೆ ಬಂದರಿನ ಹತ್ತಿರ ಒಂದು ಗಿಟಾರ್ ಕೊಂಡು ತಂದಿದ್ದರು. 1970ರ ಆಸುಪಾಸು. ಅವರು ತೀರಿಕೊಂಡ ಮೇಲೆ ಮಂಗಳೂರಿನ ಮನೆ ಖಾಲಿ ಮಾಡಿ ದೊಡ್ಡಮ್ಮನನ್ನು ಬೆಂಗಳೂರಿಗೆ ಕರೆತರುವುದು ಅಂತ ತೀರ್ಮಾನ ಆಯಿತು. ಕಪಾಟು, ತೂಗುಮಂಚ, ಹಿತ್ತಾಳೆ ಪಾತ್ರೆ ಎಲ್ಲ ಸುಲಭವಾಗಿ ಪಾಲಾದವು. ಉಳಿದದ್ದು ಗಿಟಾರ್.

ಅಂಗಡಿಯವರೊಬ್ಬರು ಬಂದು ನೋಡಿ 1,500 ಕೊಡ್ತೀನಿ ಅಂದರು. ಅಣ್ಣ ಅಂದರೆ ದೊಡ್ಡಮ್ಮನ ಮಗ, ಆನ್‌ಲೈನ್‌ನಲ್ಲಿ ಹುಡುಕಿ 'ಇಂಥದ್ದೇ ಒಂದಕ್ಕೆ ಒಂದೂವರೆ ಲಕ್ಷ ಹಾಕಿದ್ದಾರೆ' ಅಂತ ಸ್ಕ್ರೀನ್‌ಶಾಟ್ ಕಳಿಸಿದ. ಅವನ ತಂಗಿ 'ಅಪ್ಪನ ಗಿಟಾರ್ ಮಾರೋದು ಬೇಡ, ನಾನು ಇಟ್ಕೋತೀನಿ' ಅಂದಳು. ಅಲ್ಲಿಗೆ ಬಂತು ನೋಡಿ ಸಮಸ್ಯೆ. ಒಂದೂವರೆ ಲಕ್ಷದ ವಸ್ತುವನ್ನು ಒಬ್ಬಳೇ ಇಟ್ಟುಕೊಂಡರೆ ಅದು ಪಾಲು ಹೊಡೆದ ಹಾಗೆ ಅಲ್ವಾ ಅನ್ನೋ ಮಾತು ಅವನ ಬಾಯಿಂದ ಬಂತು. 1,500ರ ವಸ್ತುವಿಗೆ ಇಷ್ಟೆಲ್ಲ ಮಾತಾ ಅಂತ ಅವಳು. ಇಬ್ಬರ ಕೈಯಲ್ಲೂ ಒಂದೊಂದು ಸಂಖ್ಯೆ, ಎರಡೂ ಬೇರೆಯವರು ಹೇಳಿದ್ದು. ನನಗೆ ಸ್ವಲ್ಪ ಗಿಟಾರ್ ಹುಚ್ಚಿರೋದರಿಂದ ನೋಡಿ ಹೇಳೋ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಗುರುತು

ಗಿಟಾರ್ ಯಾರು ಮಾಡಿದ್ದು, ಎಲ್ಲಿ ಮಾಡಿದ್ದು, ಯಾವಾಗ ಮಾಡಿದ್ದು. ಈ ಮೂರು ಗೊತ್ತಾಗದೆ ಬೆಲೆಯ ಮಾತು ಎತ್ತಲೇಬಾರದು. ಗುರುತು ಸಿಗುವ ಜಾಗಗಳು ನಾಲ್ಕು. ತಲೆಯ ಮೇಲಿನ ಹೆಸರು, ತಲೆಯ ಹಿಂಭಾಗ, ಒಳಗೆ ಅಂಟಿಸಿದ ಲೇಬಲ್ ಮತ್ತು ಕತ್ತು ದೇಹಕ್ಕೆ ಸೇರುವ ಕಡೆ ಒಳಗಿರುವ ಮರದ ತುಂಡು. ಕೊನೆಯದು ನೇರವಾಗಿ ಕಾಣೋದಿಲ್ಲ. ತಂತಿ ಸ್ವಲ್ಪ ಸಡಿಲಿಸಿ, ಚಿಕ್ಕ ಕನ್ನಡಿ ಒಳಗೆ ಹಿಡಿದು ಟಾರ್ಚ್ ಬಿಡಬೇಕು.

ಆ ತುಂಡಿನ ಮೇಲೆ ನಂಬರ್ ಒತ್ತುವ ಪದ್ಧತಿಗೆ ಒಳ್ಳೇ ಉದಾಹರಣೆ ಅಮೆರಿಕದ ಮಾರ್ಟಿನ್ ಕಂಪನಿ. 1833ರಲ್ಲಿ ಶುರುವಾದ ಈ ಕಂಪನಿ 1898ರಲ್ಲಿ 8000ದಿಂದ ನಂಬರ್ ಹಾಕಲು ಶುರು ಮಾಡಿತು. ಯಾವ ವರ್ಷ ಯಾವ ನಂಬರಿಗೆ ಮುಗಿಯಿತು ಅನ್ನೋ ಪಟ್ಟಿ ಎಲ್ಲರಿಗೂ ಸಿಗುತ್ತೆ. ನಂಬರ್ ಓದಿದರೆ ವರ್ಷ ಗೊತ್ತಾಯಿತು, ಅಷ್ಟು ಸಲೀಸು. ಎಲ್ಲ ಕಂಪನಿಗಳೂ ಇಷ್ಟು ಶಿಸ್ತಿನವಲ್ಲ. ಆಗ ಲೇಬಲ್ಲಿನ ಬಣ್ಣ, ಅದರ ಮೇಲಿನ ಕಂಪನಿ ಹೆಸರು, 'ಮೇಡ್ ಇನ್' ಅಂತ ಬರೆದ ದೇಶ ಇವನ್ನೆಲ್ಲ ಕೂಡಿಸಿ ಲೆಕ್ಕ ಹಾಕಬೇಕು.

ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಅಮೆರಿಕದ ಗಿಬ್ಸನ್ ಬೇರೆ, ಕೋಲ್ಕತಾದ ಗಿವ್ಸನ್ ಬೇರೆ. ನಡುವೆ ಒಂದೇ ಅಕ್ಷರದ ವ್ಯತ್ಯಾಸ, ಬೆಲೆಯಲ್ಲಿ ಸೊನ್ನೆಗಳ ವ್ಯತ್ಯಾಸ. ನಮ್ಮ ದೇಶದಲ್ಲಿ ಎಷ್ಟೋ ಮಂದಿ ಮೊದಲ ಕಾರ್ಡ್ ಹಿಡಿದು ಬೆರಳು ಸುಟ್ಟುಕೊಂಡದ್ದು ಕೋಲ್ಕತಾದ ಗಿಟಾರುಗಳ ಮೇಲೆಯೇ. ಅವುಗಳ ಬಗ್ಗೆ ನನಗೆ ಗೌರವ ಇದೆ. ಆದರೆ ಮಾರುಕಟ್ಟೆಯಲ್ಲಿ ಅವುಗಳ ಲೆಕ್ಕವೇ ಬೇರೆ.

ದೊಡ್ಡಪ್ಪನ ಗಿಟಾರಿನೊಳಗೆ ಕಂಡದ್ದು ಕೆಂಪು ಲೇಬಲ್. ಮೇಲೆ ಮೂರು ಟ್ಯೂನಿಂಗ್ ಫೋರ್ಕ್‌ಗಳ ಗುರುತು, 'ನಿಪ್ಪಾನ್ ಗಕ್ಕಿ' ಅನ್ನೋ ಹೆಸರು, 'ಎಫ್‌ಜಿ-180', 'ಮೇಡ್ ಇನ್ ಜಪಾನ್'. ನಿಪ್ಪಾನ್ ಗಕ್ಕಿ ಅಂದರೆ ಬೇರೆ ಯಾರೂ ಅಲ್ಲ, ಯಮಹಾನೇ. ಕಂಪನಿ ತನ್ನ ಹೆಸರನ್ನು ಯಮಹಾ ಕಾರ್ಪೊರೇಷನ್ ಅಂತ ಬದಲಿಸಿಕೊಂಡದ್ದು 1987ರಲ್ಲಿ. ಎಫ್‌ಜಿ ಸರಣಿ ಶುರುವಾದದ್ದು 1966ರಲ್ಲಿ. ಮುಂದೆ ಇದೇ ಸರಣಿಯ ಗಿಟಾರುಗಳು ತೈವಾನ್‌ನಲ್ಲೂ ತಯಾರಾದವು, ಲೇಬಲ್ಲಿನ ಬಣ್ಣವೂ ಬದಲಾಯಿತು. ಸಂಗ್ರಹಕಾರರು ಮುಗಿಬೀಳೋದು ಮೊದಲ ವರ್ಷಗಳ ಜಪಾನಿನ ಕೆಂಪು ಲೇಬಲ್ಲಿಗೆ. ಅಲ್ಲಿಗೆ ಗುಜರಿ ಪಕ್ಷ ಸೋತಿತು.

ಮರ ಯಾವುದು?

ಎರಡನೇ ಪ್ರಶ್ನೆ ಮರದ್ದು. ಮುಂದಿನ ಹಲಗೆ ಒಂದೇ ದಪ್ಪದ ಗಟ್ಟಿ ಮರವೋ ಅಥವಾ ಪದರ ಪದರ ಅಂಟಿಸಿದ ಪ್ಲೈವುಡ್ಡೋ? ತೂತಿನ ಅಂಚನ್ನು ಟಾರ್ಚ್ ಹಿಡಿದು ನೋಡಿ. ಮೇಲಿನ ಮರದ ಗೆರೆಗಳು ಅಂಚಿನಲ್ಲಿ ಹಾಗೇ ಕೆಳಗೆ ಇಳಿದಿದ್ದರೆ ಗಟ್ಟಿ ಮರ. ಬಿಸ್ಕತ್ತಿನ ಹಾಗೆ ಅಡ್ಡ ಪದರ ಕಂಡರೆ ಪ್ಲೈ. ಸಾಮಾನ್ಯವಾಗಿ ಗಟ್ಟಿ ಮರದ್ದಕ್ಕೆ ಬೆಲೆ ಹೆಚ್ಚು. ಆದರೆ ಎಫ್‌ಜಿ-180ರದ್ದು ಪ್ಲೈ ಹಲಗೆ, ಆದರೂ ಅದಕ್ಕೆ ಬೇಡಿಕೆ ಇದೆ. ಹಾಗಾಗಿ 'ಪ್ಲೈ ಅಂದ್ರೆ ಕಸ' ಅಂತ ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಿರಿ.

ಹಿಂಭಾಗದ ಮರದ ಕತೆಯಲ್ಲಿ ನಮ್ಮೂರಿನ ಪಾತ್ರವೂ ಇದೆ. ಪಶ್ಚಿಮ ಘಟ್ಟದ ಬೀಟೆ ಮರ ಗೊತ್ತಲ್ಲ, ಮೈಸೂರಿನ ಕೆತ್ತನೆಯವರು ದಂತದ ಬಣ್ಣದ ಚಿತ್ತಾರ ಕೂರಿಸುವ ಅದೇ ಕರಿ ಕೆಂಪು ಮರ. ಮಾರ್ಟಿನ್ ಕಂಪನಿಯ ಹೆಸರಾಂತ ಡಿ-28 ಗಿಟಾರಿಗೆ ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಆ ಮರ ಸಿಗೋದು ಕಷ್ಟವಾದಾಗ 1969ರಲ್ಲಿ ಭಾರತದ ರೋಸ್‌ವುಡ್‌ಗೆ, ಅಂದರೆ ನಮ್ಮ ಬೀಟೆಗೆ ಬಂದರು. ಇವತ್ತು ಹಳೇ ಡಿ-28 ಕೊಳ್ಳುವವರು ಮೊದಲು ಕೇಳೋದೇ '69ಕ್ಕೆ ಮುಂಚಿನದಾ, ಆಮೇಲಿನದಾ' ಅಂತ. ಮುಂಚಿನದಕ್ಕೆ ಬೆಲೆ ಬಹಳ ಹೆಚ್ಚು.

ಬ್ರೆಜಿಲ್ ರೋಸ್‌ವುಡ್ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಬಿಗಿಯಾದ ನಿರ್ಬಂಧದಲ್ಲಿದೆ. ಪರವಾನಗಿ ಇಲ್ಲದೆ ಅಂಥ ಗಿಟಾರನ್ನು ಗಡಿ ದಾಟಿಸಿ ಮಾರುವ ಹಾಗಿಲ್ಲ. ಉಳಿದ ರೋಸ್‌ವುಡ್‌ಗಳೂ 2017ರಲ್ಲಿ ನಿಯಂತ್ರಣದ ಪಟ್ಟಿಗೆ ಸೇರಿದವು, 2019ರ ಕೊನೆಗೆ ಅವುಗಳಿಂದ ಮಾಡಿದ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. 'ನಮ್ಮದು ಬ್ರೆಜಿಲ್ ರೋಸ್‌ವುಡ್' ಅಂತ ಜಂಬದಿಂದ ಬರೆಯುವ ಮುಂಚೆ ಇದು ನೆನಪಿರಲಿ.

ಮೂರು ಎಟಿಎಂ ಕಾರ್ಡಿನ ಪರೀಕ್ಷೆ

ಹೆಸರು ಒಳ್ಳೆಯದು ಅಂದ ಮಾತ್ರಕ್ಕೆ ಆರೋಗ್ಯ ಒಳ್ಳೆಯದು ಅಂತಲ್ಲ. ಉಕ್ಕಿನ ತಂತಿಗಳ ಆರೂ ಸೇರಿ ಗಿಟಾರನ್ನು ಸುಮಾರು 70 ಕೆಜಿ ಬಲದಿಂದ ಎಳೆಯುತ್ತಿರುತ್ತವೆ. ಒಬ್ಬ ದೊಡ್ಡ ಮನುಷ್ಯ ಐವತ್ತು ವರ್ಷ ಜೋತಾಡಿದ ಹಾಗೆ. ಕತ್ತು ನಿಧಾನಕ್ಕೆ ಮುಂದಕ್ಕೆ ಬಾಗುತ್ತೆ, ತಂತಿ ಕಟ್ಟುವ ಬ್ರಿಡ್ಜ್‌ನ ಹಿಂದೆ ಹಲಗೆ ಹೊಟ್ಟೆಯ ಹಾಗೆ ಉಬ್ಬುತ್ತೆ. ಜೊತೆಗೆ ಹವೆ. ಗಿಟಾರಿಗೆ ಹಿತವಾದ ತೇವಾಂಶ 45ರಿಂದ 55 ಶೇಕಡಾ. ಕರಾವಳಿಯ ಮಳೆಗಾಲದಲ್ಲಿ ಮರ ನೀರು ಕುಡಿದು ಊದಿಕೊಳ್ಳುತ್ತೆ, ಕಲಬುರಗಿಯ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತೆ.

ಇದನ್ನು ನೋಡಲು ಉಪಕರಣ ಬೇಕಿಲ್ಲ. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಉಬ್ಬಿದ ಅಕ್ಷರ ಇಲ್ಲದ ಮೂರು ಕಾರ್ಡ್ ಜೋಡಿಸಿ 12ನೇ ಫ್ರೆಟ್ ಮತ್ತು ಅತಿ ದಪ್ಪ ತಂತಿಯ ನಡುವೆ ತೂರಿಸಿ. ಮೂರು ಹಿಡಿಸಿ ನಾಲ್ಕನೆಯದು ತಂತಿಗೆ ತಾಗಿದರೆ ಗಿಟಾರ್ ಆರೋಗ್ಯವಾಗಿದೆ. ಐದು ಕಾರ್ಡ್ ಆರಾಮಾಗಿ ಹೋದರೆ ತಂತಿ ಎತ್ತರವಾಗಿದೆ ಅಂತ ಅರ್ಥ. ಆಗ ಬ್ರಿಡ್ಜ್‌ನ ಮೇಲಿನ ಬಿಳಿ ಪಟ್ಟಿ ನೋಡಿ. ಅದು ಇನ್ನೂ ಎತ್ತರವಿದ್ದರೆ ಉಜ್ಜಿ ತಗ್ಗಿಸಬಹುದು, ಸಣ್ಣ ಖರ್ಚು. ಅದು ಈಗಾಗಲೇ ತಗ್ಗಿಯೂ ತಂತಿ ಎತ್ತರದಲ್ಲಿದ್ದರೆ ಕತ್ತನ್ನು ಬಿಚ್ಚಿ ಕೋನ ಸರಿಮಾಡಿ ಮತ್ತೆ ಕೂರಿಸಬೇಕು. ಅದು ನುರಿತ ಕೈಯ ಕೆಲಸ, ಖರ್ಚೂ ದೊಡ್ಡದು.

ಇನ್ನು ಮೂರು ಪರೀಕ್ಷೆ. ಒಂದು ಕಾಗದದ ತುಣುಕನ್ನು ಬ್ರಿಡ್ಜ್‌ನ ಹಿಂಬದಿಯ ಕೆಳಗೆ ತೂರಿಸಿ ನೋಡಿ, ಒಳಗೆ ಹೋದರೆ ಅಂಟು ಬಿಡುತ್ತಿದೆ. ಹಲಗೆಯನ್ನು ಬೆರಳಿನಿಂದ ತಟ್ಟುತ್ತಾ ಹೋಗಿ, ತೆಂಗಿನಕಾಯಿ ತಟ್ಟುವ ಹಾಗೆ. ಎಲ್ಲಾದರೂ ಗರಗರ ಅಂದರೆ ಒಳಗೆ ಪಟ್ಟಿ ಬಿಟ್ಟಿದೆ. ಬಿರಡೆಗಳನ್ನು ತಿರುಗಿಸಿ ಆರೂ ಒಂದೇ ತರಹದವಾ ನೋಡಿ. ಒಂದು ಬೇರೆ ಇದ್ದರೆ ಯಾವಾಗಲೋ ಬದಲಾಯಿಸಿದ್ದು.

ದೊಡ್ಡಪ್ಪನ ಗಿಟಾರಿಗೆ ಆರು ಕಾರ್ಡ್ ಹೋದವು. ಬಿಳಿ ಪಟ್ಟಿ ತಗ್ಗಿಸಲು ಜಾಗ ಇರಲಿಲ್ಲ. ಬ್ರಿಡ್ಜ್ ಹಿಂದೆ ಹೊಟ್ಟೆ, ಒಂದು ಬಿರಡೆ ಬೇರೆ. ಮೆರುಗು ಮಾತ್ರ ಹಳೆಯದೇ, ಯಾರೂ ಪಾಲಿಶ್ ಹೊಡೆಸಿರಲಿಲ್ಲ. ಅದು ದೊಡ್ಡ ಪುಣ್ಯ. ಹಳೇ ಗಿಟಾರಿಗೆ ಹೊಸ ಬಣ್ಣ ಬಳಿಸಿದರೆ ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆ ಅರ್ಧಕ್ಕೆ ಇಳಿದ ಹಾಗೆ. ಮಾರುವ ಮುಂಚೆ 'ಸ್ವಲ್ಪ ಚೆನ್ನಾಗಿ ಕಾಣಲಿ' ಅಂತ ವಾರ್ನಿಶ್ ಹೊಡೆಯೋದು, ಬಿರುಕಿಗೆ ಮನೆಯಲ್ಲಿರೋ ದಿಢೀರ್ ಅಂಟು ಸುರಿಯೋದು ಬೇಡವೇ ಬೇಡ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟು ಸಾಕು.

ಹಾಕಿದ ಬೆಲೆ ಬೇರೆ, ಹೋದ ಬೆಲೆ ಬೇರೆ

ಅಣ್ಣನ ಸ್ಕ್ರೀನ್‌ಶಾಟ್‌ನಲ್ಲಿದ್ದ ಒಂದೂವರೆ ಲಕ್ಷ, ಯಾರೋ ಒಬ್ಬರು ಕೇಳಿದ ಬೆಲೆ. ಆ ಗಿಟಾರ್ ಇನ್ನೂ ಮಾರಾಟವಾಗದೆ ಅಲ್ಲೇ ಕೂತಿತ್ತು. ಕೇಳೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ನಾನು ನನ್ನ ಹಳೇ ಚಪ್ಪಲಿಗೆ ಹತ್ತು ಸಾವಿರ ಕೇಳಬಹುದು. ನೋಡಬೇಕಾದ್ದು ನಿಜವಾಗಿ ಮಾರಾಟ ಆದ ಬೆಲೆ. ಇಬೇಯಲ್ಲಿ 'ಸೋಲ್ಡ್ ಐಟಮ್ಸ್' ಅನ್ನೋ ಫಿಲ್ಟರ್ ಇದೆ, ಸಂಗೀತ ವಾದ್ಯಗಳಿಗೇ ಮೀಸಲಾದ ರಿವರ್ಬ್‌ನಲ್ಲಿ ಬೆಲೆ ಮಾರ್ಗದರ್ಶಿ ಇದೆ. ಅದೇ ಮಾಡೆಲ್, ಅದೇ ಲೇಬಲ್, ಹೆಚ್ಚೂಕಮ್ಮಿ ಅದೇ ಸ್ಥಿತಿಯ ಐದಾರು ಮಾರಾಟ ಹುಡುಕಿ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಇಟ್ಟುಕೊಳ್ಳಿ.

ಆಮೇಲೆ ಕಳೆಯುವ ಲೆಕ್ಕ. ಮೊದಲು ರಿಪೇರಿ ಖರ್ಚು ಕಳೆಯಿರಿ. ಅಮೆರಿಕದ ಬೆಲೆಯನ್ನು ಡಾಲರಿನಿಂದ ಗುಣಿಸಿ ನೇರ ರೂಪಾಯಿಗೆ ತಂದರೆ ಆಗೋದಿಲ್ಲ, ಯಾಕಂದ್ರೆ ಆ ಗಿರಾಕಿ ಜಯನಗರದಲ್ಲಿಲ್ಲ. ಇಲ್ಲಿ ಸಂಗ್ರಹಕಾರರು ಕಡಿಮೆ. ಹೆಚ್ಚಿನವರು ಕಲಿಯುವವರು, ಅವರಿಗೆ ಹತ್ತು ಸಾವಿರ ಚಿಲ್ಲರೆಗೆ ಹೊಸ ಯಮಹಾನೇ ಸಿಗುತ್ತೆ. 'ಇದು 1970ರದ್ದು' ಅನ್ನೋದು ಅವರಿಗೆ ಸಂತೋಷದ ವಿಷಯ ಅಲ್ಲ, ಭಯದ ವಿಷಯ.

ಇನ್ನು ಕತೆಯ ಬೆಲೆ. ಬೀಟಲ್ಸ್‌ನ ಜಾನ್ ಲೆನನ್ ನುಡಿಸಿದ್ದ ಫ್ರಾಮಸ್ ಕಂಪನಿಯ ಹನ್ನೆರಡು ತಂತಿಯ ಗಿಟಾರ್ ಬ್ರಿಟನ್‌ನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿ, 2024ರ ಮೇ ತಿಂಗಳಲ್ಲಿ 28 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ಅಟ್ಟದಲ್ಲಿ ಸಿಕ್ಕಿದ್ದಕ್ಕೆ ಆ ಬೆಲೆ ಬಂದದ್ದಲ್ಲ, ಅದು ಅವನದೇ ಅಂತ ತೋರಿಸುವ ಪುರಾವೆ ಇದ್ದದ್ದಕ್ಕೆ. ಎಫ್‌ಜಿ ಸರಣಿಗೂ ಅಂಥ ಹೆಮ್ಮೆ ಇದೆ. 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಕಂಟ್ರಿ ಜೋ ಮೆಕ್‌ಡೊನಾಲ್ಡ್ ಹಿಡಿದಿದ್ದು ಎಫ್‌ಜಿ-150. ಆದರೆ ಬೆಲೆ ಏರಿದ್ದು ಅವರ ಕೈಯಲ್ಲಿದ್ದ ಆ ಒಂದು ಗಿಟಾರಿಗೆ, ಅದರ ಸೋದರ ಸಂಬಂಧಿಗಳಿಗಲ್ಲ. ದೊಡ್ಡಪ್ಪ ಹಡಗಿನ ಡೆಕ್ ಮೇಲೆ ಹಳೇ ಹಿಂದಿ ಹಾಡು ನುಡಿಸುತ್ತಿದ್ದರು ಅನ್ನೋದಕ್ಕೆ ನಮ್ಮ ಮನೆಯಲ್ಲಿ ಬೆಲೆ ಇದೆ, ಮಾರುಕಟ್ಟೆಯಲ್ಲಿ ಇಲ್ಲ. ಹಾಗಂತ ಪುರಾವೆ ಬಿಸಾಡಬೇಡಿ. ಕೊಂಡ ರಸೀದಿ, ಹಳೇ ಫೋಟೊ, ಮೂಲ ಪೆಟ್ಟಿಗೆ ಇದ್ದರೆ ಗಿಟಾರಿನ ವಯಸ್ಸಿಗೆ ಅವೇ ಸಾಕ್ಷಿ.

ಸಂಖ್ಯೆ ಬಂದ ಮೇಲೆ

ಬೆಂಗಳೂರಿನ ಒಬ್ಬ ಗಿಟಾರ್ ರಿಪೇರಿಯವರು ಕತ್ತು, ಬ್ರಿಡ್ಜ್ ಎಲ್ಲ ಸೇರಿ 15 ಸಾವಿರ ಆಗುತ್ತೆ ಅಂದರು. ಸರಿಹೋದ ಮೇಲೆ ಇಲ್ಲಿ 35-40 ಸಾವಿರ ಬರಬಹುದು. ಇದ್ದ ಹಾಗೆ ಮಾರಿದರೆ 20 ಸಾವಿರದ ಆಸುಪಾಸು. ನಾನು ಒಂದು ಹಾಳೆಯಲ್ಲಿ ಇಷ್ಟನ್ನೂ ಬರೆದು, ಯಾವ ಸಂಖ್ಯೆ ಎಲ್ಲಿಂದ ಬಂತು ಅಂತ ಪಕ್ಕದಲ್ಲಿ ಗುರುತು ಮಾಡಿ ಇಬ್ಬರಿಗೂ ಕಳಿಸಿದೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಮಾಡಿದ. 'ಇಪ್ಪತ್ತು ಸಾವಿರಕ್ಕೆ ಇಷ್ಟು ಮಾತಾಡಿದ್ವಾ ನಾವು' ಅಂದ. ತಂಗಿ ಹತ್ತು ಸಾವಿರ ಅವನ ಖಾತೆಗೆ ಹಾಕ್ತೀನಿ ಅಂದಳು. ಅವನು ಬೇಡ ಅಂದ. ಕೊನೆಗೆ ಆ ಹತ್ತು ಸಾವಿರ ರಿಪೇರಿಗೆ ಹೋಗಲಿ ಅಂತ ಆಯಿತು, ಉಳಿದ ಐದು ಅವನೇ ಹಾಕಿದ. ಇಷ್ಟೆಲ್ಲ ಕೇಳಿಸಿಕೊಂಡ ದೊಡ್ಡಮ್ಮ ಹೇಳಿದ್ದು ಒಂದೇ: 'ಇದನ್ನ ತಂದಾಗ ಎಷ್ಟು ಕೊಟ್ರು ಅಂತ ನಿಮ್ಮಪ್ಪ ಕೊನೆವರೆಗೂ ನನಗೆ ಹೇಳಲಿಲ್ಲ. ಹೇಳಿದ್ರೆ ಆವತ್ತೇ ಜಗಳ ಆಗ್ತಿತ್ತು.'

ನಿಜವಾದ ಬೆಲೆ ಗೊತ್ತಾದರೆ ಮಾರಲೇಬೇಕು ಅಂತೇನಿಲ್ಲ. ಇಟ್ಟುಕೊಳ್ಳೋದಕ್ಕೂ ಅದು ಬೇಕು. ಏನು ಬಿಟ್ಟುಕೊಡ್ತಾ ಇದ್ದೀವಿ ಅಂತ ಗೊತ್ತಿದ್ದು ಬಿಟ್ಟುಕೊಡೋದು ಬೇರೆ, ಗೊತ್ತಿಲ್ಲದೆ ಅನುಮಾನದಲ್ಲಿ ಕೂರೋದು ಬೇರೆ.

ಮಾರೋದೇ ಅಂತಾದರೆ

ಹಗಲಿನ ಬೆಳಕಲ್ಲಿ ಕನಿಷ್ಠ ಹತ್ತು ಫೋಟೊ ತೆಗೆಯಿರಿ. ಎದುರು, ಹಿಂದೆ, ತಲೆಯ ಎರಡೂ ಬದಿ, ಲೇಬಲ್, ಬ್ರಿಡ್ಜ್ ಪಕ್ಕದಿಂದ, ಫ್ರೆಟ್‌ಗಳ ಸವೆತ, ಪ್ರತಿ ಬಿರುಕು. ದೋಷಗಳನ್ನು ಮೊದಲ ಸಾಲಲ್ಲೇ ಬರೆಯಿರಿ. 'ಕತ್ತಿನ ಕೆಲಸ ಆಗಬೇಕು, ಒಂದು ಬಿರಡೆ ಬದಲಾಗಿದೆ' ಅಂತ ನೀವೇ ಹೇಳಿದರೆ ಬಂದವರು ಅದನ್ನೇ ತೋರಿಸಿ ಚೌಕಾಸಿ ಮಾಡೋದಕ್ಕೆ ಆಗಲ್ಲ. ವರ್ಷ ಖಚಿತವಿಲ್ಲದಿದ್ದರೆ ಲೇಬಲ್ಲಿನ ಫೋಟೊ ಹಾಕಿ, ವರ್ಷ ಊಹಿಸಿ ಬರೆಯಬೇಡಿ. ಬ್ರಿಡ್ಜ್ ಗಟ್ಟಿ ಇದ್ದರೆ ಮಾತ್ರ ಕೆಲವು ನೂರು ರೂಪಾಯಿಯ ಹೊಸ ತಂತಿ ಹಾಕಿ. ತುಕ್ಕು ತಂತಿಯಲ್ಲಿ ಎಂಥ ಗಿಟಾರೂ ಕೆಮ್ಮುತ್ತೆ.

ಮುಖಾಮುಖಿ ಮಾರಿ, ನುಡಿಸಿ ನೋಡೋಕೆ ಬಿಡಿ. ಗಿಟಾರ್ ನೋಡದೇ, ಚೌಕಾಸಿ ಮಾಡದೇ 'ನಾನು ಸೇನೆಯಲ್ಲಿದ್ದೀನಿ, ಈಗಲೇ ಪೂರ್ತಿ ಹಣ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಅನ್ನುವವರು ಬಂದರೆ ಫೋನ್ ಇಡಿ. ಯುಪಿಐನಲ್ಲಿ ಹಣ ಬರೋದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುತ್ತೆ, ಬರಲ್ಲ.

ಪಾರ್ಸೆಲ್ ಕಳಿಸೋದಾದರೆ ತಂತಿ ಸಡಿಲಿಸಿ, ತಲೆಯ ಕೆಳಗೂ ಕತ್ತಿನ ಕೆಳಗೂ ಮೆತ್ತೆ ಇಡಿ. ಗಿಟಾರ್ ಮುರಿಯೋದು ಬಹಳ ಸಲ ಅಲ್ಲೇ. ಮತ್ತೆ ಕೈಬಿಟ್ಟು ಹೋಗುವ ಮುಂಚೆ ಅದರ ಒಂದು ಹಾಡು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಶ್ರುತಿ ಸ್ವಲ್ಪ ತಪ್ಪಿದ್ದರೂ ಪರವಾಗಿಲ್ಲ.